ನಮ್ಮ ಲ್ಯಾಪ್‌ಟಾಪ್‌ಗೆ ಒಗ್ಗುವ ಎಡಿಟರ್ ನಮಗೆ ಸಾಕು

ವೆಬ್ ಡೆವಲಪ್‌ಮೆಂಟ್ ಕಲಿಯಲು ಹೊರಟ ಯಾರನ್ನಾದರೂ ಕೇಳಿ ನೋಡಿ, ಮೊದಲ ದಿನ ಅವರು ಮಾಡಿದ ಕೆಲಸ ಎಡಿಟರ್ ಡೌನ್‌ಲೋಡ್. ಯೂಟ್ಯೂಬ್ ಪಾಠಗಳೆಲ್ಲ ಶುರುವಾಗುವುದೇ ಹಾಗೆ. ‘ವಿಎಸ್ ಕೋಡ್ ಹಾಕಿಕೊಳ್ಳಿ, ಆಮೇಲೆ ಈ ಹದಿನೈದು ಎಕ್ಸ್‌ಟೆನ್ಷನ್ ಹಾಕಿಕೊಳ್ಳಿ, ಈ ಥೀಮ್ ಹಾಕಿಕೊಳ್ಳಿ’ ಅನ್ನುತ್ತಾರೆ. ಹೇಳುವವರ ಮುಂದೆ 16 ಜಿಬಿ ರ‍್ಯಾಮ್ ಇರುವ ಯಂತ್ರ, ಮನೆಗೆ ಫೈಬರ್ ಸಂಪರ್ಕ ಇರುತ್ತದೆ. ಕೇಳುವ ನಾವು ಕೊಳ್ಳೇಗಾಲದಲ್ಲೋ ಹನೂರಿನಲ್ಲೋ ಯಳಂದೂರಿನಲ್ಲೋ ಕೂತು, ಅಣ್ಣನೋ ಮಾವನೋ ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗೆ ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು, ಅದೇ ಪಟ್ಟಿಯನ್ನು ಚಾಚೂ ತಪ್ಪದೆ ಪಾಲಿಸುತ್ತೇವೆ.

ಆಮೇಲೆ ಏನಾಗುತ್ತದೆ ಎಂಬುದನ್ನು ನಮ್ಮ ಕಡೆಯ ಹುಡುಗ ಹುಡುಗಿಯರಲ್ಲಿ ಮತ್ತೆ ಮತ್ತೆ ನೋಡಿದ್ದೇನೆ. ಎಡಿಟರ್ ತೆರೆಯಲು ಎರಡು ನಿಮಿಷ. ಪಕ್ಕದಲ್ಲಿ ಬ್ರೌಸರ್ ತೆರೆದರೆ ಮೌಸ್ ಅಲುಗಾಡುವುದಿಲ್ಲ. ಒಂದು ಅಕ್ಷರ ಒತ್ತಿದರೆ ಪರದೆಯ ಮೇಲೆ ಬರಲು ಒಂದು ಸೆಕೆಂಡು. ಎರಡು ವಾರ ಹೀಗೆ ಒದ್ದಾಡಿದ ಹನೂರು ಕಡೆಯ ನನ್ನ ಗೆಳೆಯನೊಬ್ಬ ‘ಇದೆಲ್ಲ ನಮ್ಮಂಥವರಿಗಲ್ಲ ಬಿಡಪ್ಪ’ ಅಂದುಬಿಟ್ಟ. ಅವನಿಗೆ ಎಚ್‌ಟಿಎಂಎಲ್ ಕಷ್ಟವಾಗಿರಲಿಲ್ಲ, ತರ್ಕ ಅರ್ಥವಾಗದೆಯೂ ಇರಲಿಲ್ಲ. ಅವನ ಯಂತ್ರಕ್ಕೆ ಹೊಂದದ ಒಂದು ಸಾಫ್ಟ್‌ವೇರ್ ಅವನನ್ನು ಒಂದು ಇಡೀ ವೃತ್ತಿಯಿಂದ ದೂರ ತಳ್ಳಿತು. ಎಡಿಟರ್ ಆಯ್ಕೆ ಸಣ್ಣ ವಿಷಯ ಎಂದು ನನಗೆ ಅನ್ನಿಸದಿರುವುದು ಇದಕ್ಕೇ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಎಡಿಟರ್ ಆರಿಸುವಾಗ ನಮ್ಮ ಯಂತ್ರ, ನಮ್ಮ ನೆಟ್‌ವರ್ಕ್, ನಮ್ಮ ಭಾಷೆ ಈ ಮೂರನ್ನು ಮೊದಲು ನೋಡಬೇಕು. ಎಷ್ಟು ಜನ ಬಳಸುತ್ತಾರೆ ಎಂಬುದು ಕೊನೆಗೆ ಬರಲಿ.

ಎಡಿಟರ್ ನಿಜವಾಗಿ ಮಾಡುವುದೇನು?

1991ರಲ್ಲಿ ಟಿಮ್ ಬರ್ನರ್ಸ್-ಲೀ ಜಗತ್ತಿಗೆ ತೆರೆದಿಟ್ಟ ಮೊದಲ ವೆಬ್ ಪುಟ ಬರೀ ಪಠ್ಯ ಮತ್ತು ಕೊಂಡಿಗಳು. ಇವತ್ತಿಗೂ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಈ ಮೂರೂ ಸಾದಾ ಪಠ್ಯದ ಫೈಲ್‌ಗಳೇ. ಯಾವ ಎಡಿಟರ್‌ನಲ್ಲಿ ಬರೆದಿರಿ ಎಂಬುದು ಬ್ರೌಸರ್‌ಗೆ ಗೊತ್ತೇ ಆಗುವುದಿಲ್ಲ. ನೋಟ್‌ಪ್ಯಾಡ್‌ನಲ್ಲಿ ಬರೆದ ಪುಟವೂ ಅತಿ ದುಬಾರಿ ಸಾಫ್ಟ್‌ವೇರ್‌ನಲ್ಲಿ ಬರೆದ ಪುಟವೂ ಅದಕ್ಕೆ ಒಂದೇ. ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ಕೊಳ್ಳಲು ಬಂದವರು ನೇಯ್ಗೆ ನೋಡುತ್ತಾರೆ, ಜರಿ ನೋಡುತ್ತಾರೆ. ಅದು ಯಾವ ಮಗ್ಗದಿಂದ ಇಳಿಯಿತು ಎಂದು ಕೇಳುವುದಿಲ್ಲ.

ಹಾಗಾದರೆ ಎಡಿಟರ್ ಬೇಡವೇ? ಬೇಕು. ಅದು ಟ್ಯಾಗ್‌ಗಳಿಗೆ ಬಣ್ಣ ಹಚ್ಚಿ ತೋರಿಸುತ್ತದೆ, ತೆರೆದ ಟ್ಯಾಗನ್ನು ಮುಚ್ಚಿ ಕೊಡುತ್ತದೆ, ಸಾಲುಗಳನ್ನು ಒಳಸರಿಸಿ ಅಂದವಾಗಿ ಜೋಡಿಸುತ್ತದೆ, ಇಡೀ ಫೋಲ್ಡರ್‌ನಲ್ಲಿ ಒಂದು ಪದ ಹುಡುಕಿ ಕೊಡುತ್ತದೆ, ಆವರಣ ಚಿಹ್ನೆ ಬಿಟ್ಟುಹೋಗಿದ್ದರೆ ಕಣ್ಣಿಗೆ ಬೀಳುವಂತೆ ಮಾಡುತ್ತದೆ. ಕಲಿಯುವ ಮೊದಲ ವರ್ಷ ನಮಗೆ ಬೇಕಾದದ್ದು ಇಷ್ಟು. ಇಷ್ಟನ್ನು ಮಾಡುವ ಎಡಿಟರ್‌ಗಳು ಹತ್ತಾರು ಇವೆ. ಅವುಗಳಲ್ಲಿ ಹಲವು ಕೆಲವೇ ಎಂಬಿ ಗಾತ್ರದವು.

ನಮ್ಮ ಮೂರು ತಾಲ್ಲೂಕುಗಳ ಲೆಕ್ಕ ಬೇರೆ

ಪಕ್ಕದ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆದರೆ ಮಲೆ ಮಹದೇಶ್ವರ ಬೆಟ್ಟದ ಕಾಡಿನ ಹಳ್ಳಿಗಳ ಜನ ರಸ್ತೆ, ಕರೆಂಟಿಗಾಗಿ ಈಚಿನ ವರ್ಷಗಳವರೆಗೂ ಮನವಿ ಕೊಡುತ್ತಾ ಬಂದಿದ್ದಾರೆ. ಬೆಟ್ಟದ ತಿರುವುಗಳಲ್ಲಿ ಮೊಬೈಲ್ ಸಿಗ್ನಲ್ ಬರುತ್ತದೆ, ಹೋಗುತ್ತದೆ. ಬಿಳಿಗಿರಿರಂಗನಬೆಟ್ಟದ ದಾರಿಯಲ್ಲೂ ಅಷ್ಟೆ. ಪಟ್ಟಣಗಳಲ್ಲಿ ಪರಿಸ್ಥಿತಿ ಉತ್ತಮ, ಒಪ್ಪುತ್ತೇನೆ. ಆದರೂ ಮನೆಯಲ್ಲಿ ವೈಫೈ ಇಲ್ಲದ ವಿದ್ಯಾರ್ಥಿಗೆ ದಿನಕ್ಕೆ ಒಂದೂವರೆ, ಎರಡು ಜಿಬಿ ಡೇಟಾ ಪ್ಯಾಕ್ ಇದ್ದರೆ ಅದರಲ್ಲೇ ಪಾಠದ ವಿಡಿಯೊ, ತರಗತಿಯ ಪಿಡಿಎಫ್, ಮನೆಯವರ ವಾಟ್ಸ್ಆ್ಯಪ್ ಎಲ್ಲ ಆಗಬೇಕು. ವಿಎಸ್ ಕೋಡ್‌ನ ಇನ್‌ಸ್ಟಾಲರ್ ಒಂದೇ ಸುಮಾರು 100 ಎಂಬಿ. ಅದಕ್ಕೆ ಆಗಾಗ ಬರುವ ಅಪ್‌ಡೇಟ್, ಪ್ರತಿ ಎಕ್ಸ್‌ಟೆನ್ಷನ್‌ನ ಅಪ್‌ಡೇಟ್ ಬೇರೆ. ಬ್ಯಾಟರಿ ಸತ್ತ ಹಳೆಯ ಲ್ಯಾಪ್‌ಟಾಪ್ ಆದರೆ ಕರೆಂಟ್ ಹೋದೊಡನೆ ಉಳಿಸದ ಕೋಡ್ ಕೂಡ ಹೋಯಿತು.

ಇನ್ನು ಯಂತ್ರದ ವಿಷಯ. ವಿಎಸ್ ಕೋಡ್‌ಗೆ 1 ಜಿಬಿ ರ‍್ಯಾಮ್ ಸಾಕು ಎಂದು ಮೈಕ್ರೊಸಾಫ್ಟ್ ಹೇಳುತ್ತದೆ. ಮಾತು ಸುಳ್ಳಲ್ಲ, ಆದರೆ ಆ 1 ಜಿಬಿ ಎಡಿಟರ್ ಒಂದಕ್ಕೇ. ವಿಎಸ್ ಕೋಡ್ ಕಟ್ಟಿರುವುದು ಎಲೆಕ್ಟ್ರಾನ್ ಎಂಬ ಚೌಕಟ್ಟಿನ ಮೇಲೆ. ಎಲೆಕ್ಟ್ರಾನ್ ಒಳಗೆ ಇರುವುದು ಕ್ರೋಮಿಯಂ, ಅಂದರೆ ಕ್ರೋಮ್ ಬ್ರೌಸರ್‌ನ ತಿರುಳು. ಹಾಗಾಗಿ ವಿಎಸ್ ಕೋಡ್ ತೆರೆದು ಪಕ್ಕದಲ್ಲಿ ಕ್ರೋಮ್ ತೆರೆದರೆ ಎರಡು ಬ್ರೌಸರ್ ಓಡಿಸಿದ ಹಾಗೆ. 4 ಜಿಬಿ ಯಂತ್ರದಲ್ಲಿ ವಿಂಡೋಸ್ ತನ್ನ ಪಾಲು ತೆಗೆದುಕೊಂಡ ಮೇಲೆ ಉಳಿಯುವುದು ಅರ್ಧದಷ್ಟು ಇದ್ದರೆ ಹೆಚ್ಚು. ಅದೂ ತುಂಬಿದಾಗ ಕಂಪ್ಯೂಟರ್ ರ‍್ಯಾಮ್‌ನಲ್ಲಿ ಹಿಡಿಸದ್ದನ್ನು ಹಾರ್ಡ್ ಡಿಸ್ಕ್‌ಗೆ ಬರೆಯುತ್ತದೆ, ಬೇಕಾದಾಗ ಮತ್ತೆ ಓದುತ್ತದೆ. ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಆದರೆ ಈ ಓಡಾಟವೇ ನಾವು ‘ಹ್ಯಾಂಗ್’ ಅನ್ನುವುದು. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ, ಕಣ್ಣಿಗೇ ಕಾಣುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ರ‍್ಯಾಮ್‌ಗೂ ಸಲ್ಲುತ್ತದೆ. ಮನೆಯವರು ಸ್ವಲ್ಪ ಹಣ ಕೊಡುವ ಸ್ಥಿತಿ ಇದ್ದರೆ ಹಳೆಯ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ. ಹೊಸ ಲ್ಯಾಪ್‌ಟಾಪ್‌ಗೆ ಆಗುವ ಖರ್ಚಿನ ಸಣ್ಣ ಪಾಲು ಸಾಕು, ವ್ಯತ್ಯಾಸ ಮಾತ್ರ ದೊಡ್ಡದು. ಅದೂ ಆಗದಿದ್ದರೆ ಎಡಿಟರ್ ಬದಲಿಸುವುದು ಪುಕ್ಕಟೆ.

ಯಾರಿಗೆ ಯಾವುದು?

ವಿಂಡೋಸ್ ಇರುವ, 4 ಜಿಬಿ ಅಥವಾ ಅದಕ್ಕಿಂತ ಕಡಿಮೆ ರ‍್ಯಾಮ್‌ನ ಯಂತ್ರಕ್ಕೆ ನನ್ನ ಮೊದಲ ಆಯ್ಕೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್. ಡಾನ್ ಹೋ ಎಂಬುವರು 2003ರಲ್ಲಿ ಬಿಡುಗಡೆ ಮಾಡಿದ ಈ ಎಡಿಟರ್ ಉಚಿತ, ಮುಕ್ತ ತಂತ್ರಾಂಶ. ಒತ್ತಿದ ಕೂಡಲೇ ತೆರೆದುಕೊಳ್ಳುತ್ತದೆ. ಟ್ಯಾಗ್ ಮುಚ್ಚುವ ಸೌಲಭ್ಯ ಸೆಟ್ಟಿಂಗ್ಸ್‌ನಲ್ಲಿದೆ, ಅದನ್ನು ಆನ್ ಮಾಡಿಕೊಳ್ಳಬೇಕು. ಅದರ ಮೆನುಗಳನ್ನು ಕನ್ನಡದಲ್ಲೂ ನೋಡಬಹುದು. ಇನ್‌ಸ್ಟಾಲ್ ಮಾಡದೆ ಪೆನ್ ಡ್ರೈವ್‌ನಿಂದಲೇ ಓಡಿಸುವ ಆವೃತ್ತಿಯೂ ಸಿಗುತ್ತದೆ. ಯಾವುದನ್ನೇ ಆಗಲಿ ಅದರ ಅಧಿಕೃತ ತಾಣದಿಂದ ಮಾತ್ರ ಇಳಿಸಿಕೊಳ್ಳಿ.

ಲಿನಕ್ಸ್ ಹಾಕಿಕೊಂಡವರಿಗೆ ಜೀನಿ ಅಥವಾ ಕೇಟ್ ಒಳ್ಳೆಯವು. ಹಳೆಯ ವಿಂಡೋಸ್ 7ರಲ್ಲೇ ನಿಂತಿರುವ ಯಂತ್ರಗಳು ನಮ್ಮ ಕಡೆ ಇನ್ನೂ ಇವೆ. ಅವುಗಳಲ್ಲಿ ವಿಎಸ್ ಕೋಡ್‌ನ ಹೊಸ ಆವೃತ್ತಿಗಳು ಓಡುವುದೇ ಇಲ್ಲ. ಅಂಥ ಯಂತ್ರಕ್ಕೆ ಹಗುರವಾದ ಲಿನಕ್ಸ್ ಒಂದನ್ನು ಹಾಕಿ ಜೀನಿ ಸೇರಿಸಿದರೆ ಇನ್ನೂ ಎರಡು ಮೂರು ವರ್ಷ ಕಲಿಕೆಗೆ ಬರುತ್ತದೆ.

ಸಬ್ಲೈಮ್ ಟೆಕ್ಸ್ಟ್ ವೇಗಕ್ಕೆ ಹೆಸರಾದದ್ದು. 2008ರಿಂದ ಇದೆ. ಹಣ ಕೊಟ್ಟು ಕೊಳ್ಳಬೇಕಾದ ಸಾಫ್ಟ್‌ವೇರ್ ಆದರೂ ಪರೀಕ್ಷಾರ್ಥ ಬಳಕೆಗೆ ಇಂತಿಷ್ಟೇ ದಿನ ಎಂಬ ಗಡುವು ಹಾಕಿಲ್ಲ. ಆಗಾಗ ‘ಕೊಳ್ಳಿ’ ಎಂಬ ಕಿಟಕಿ ಬರುತ್ತದೆ. ವಿಮ್ ಬಗ್ಗೆ ಸೀನಿಯರ್‌ಗಳು ಬಹಳ ಹೊಗಳುತ್ತಾರೆ. ಸರ್ವರ್‌ಗಳಲ್ಲಿ ಕೆಲಸ ಮಾಡುವ ಆಸೆ ಇದ್ದರೆ ಅದರ ಹತ್ತು ಆದೇಶಗಳನ್ನು ಕಲಿತಿಡಿ, ಎಂದಾದರೂ ಕೈ ಹಿಡಿಯುತ್ತದೆ. ಆದರೆ ಎಚ್‌ಟಿಎಂಎಲ್ ಜತೆಗೆ ವಿಮ್ ಅನ್ನೂ ಒಟ್ಟಿಗೆ ಕಲಿಯಲು ಹೊರಟರೆ ಎರಡೂ ಕೈ ತಪ್ಪುವ ಸಾಧ್ಯತೆ ಹೆಚ್ಚು.

8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರುವವರು ವಿಎಸ್ ಕೋಡ್ ಅನ್ನೇ ಧಾರಾಳವಾಗಿ ಬಳಸಿ. ಅದು ಒಳ್ಳೆಯ ಎಡಿಟರ್, ಅನುಮಾನವೇ ಬೇಡ. ಎಕ್ಸ್‌ಟೆನ್ಷನ್‌ಗಳನ್ನು ಮಾತ್ರ ಲೆಕ್ಕ ಹಾಕಿ ಹಾಕಿಕೊಳ್ಳಿ. ಎಮ್ಮೆಟ್ ಅದರೊಳಗೇ ಇದೆ, ಬೇರೆ ಬೇಡ. ಪುಟ ತಾನಾಗಿ ರಿಫ್ರೆಶ್ ಆಗಲು ಒಂದು ಎಕ್ಸ್‌ಟೆನ್ಷನ್ ಅನ್ನುತ್ತಾರೆ. ಕೀಬೋರ್ಡ್‌ನಲ್ಲಿ ಎಫ್5 ಕೀಲಿ ಇನ್ನೂ ಇದೆಯಲ್ಲ! ಮೈಕ್ರೊಸಾಫ್ಟ್‌ಗೆ ಬಳಕೆಯ ಮಾಹಿತಿ ಹೋಗುವುದು ಇಷ್ಟವಿಲ್ಲದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಟೆಲಿಮೆಟ್ರಿ ನಿಲ್ಲಿಸಿ, ಅಥವಾ ಅದೇ ಮೂಲ ಕೋಡ್‌ನಿಂದ ಕಟ್ಟಿದ ವಿಎಸ್‌ಕೋಡಿಯಂ ಬಳಸಿ.

ಲ್ಯಾಪ್‌ಟಾಪ್ ಇಲ್ಲದವರೂ ಇದ್ದಾರೆ. ಅವರನ್ನು ಬಿಟ್ಟು ಈ ಮಾತು ಮುಗಿಸುವಂತಿಲ್ಲ. ಆ್ಯಂಡ್ರಾಯ್ಡ್ ಫೋನ್‌ನಲ್ಲಿ ಏಕೋಡ್ ಎಂಬ ಮುಕ್ತ ಎಡಿಟರ್ ಇದೆ. ಅದರಲ್ಲಿ ಬರೆದ ಪುಟವನ್ನು ಫೋನ್‌ನಲ್ಲೇ ತೆರೆದು ನೋಡಬಹುದು. ದೊಡ್ಡ ಪ್ರಾಜೆಕ್ಟ್ ಕಷ್ಟ. ಆದರೆ ಟ್ಯಾಗ್‌ಗಳನ್ನೂ ಸಿಎಸ್‌ಎಸ್‌ನ ಮೂಲ ಪಾಠಗಳನ್ನೂ ಕಲಿಯಲು ಏನೂ ತೊಂದರೆಯಿಲ್ಲ.

ಕನ್ನಡ ಬರೆದಾಗ ಎಡಿಟರ್‌ನ ಬಣ್ಣ ಗೊತ್ತಾಗುತ್ತದೆ

ಇಂಗ್ಲಿಷ್ ಪಾಠಗಳಲ್ಲಿ ಯಾರೂ ಹೇಳದ ಒಂದು ಪರೀಕ್ಷೆ ನಮಗಿದೆ. ಯಳಂದೂರಿನ ಬಳೆ ಮಂಟಪದ ಬಗ್ಗೆ ಕನ್ನಡದಲ್ಲಿ ಒಂದು ಪುಟ ಮಾಡಿ ನೋಡಿ. ಕೊಳ್ಳೇಗಾಲದಿಂದ ಹನೂರು, ಮಹದೇಶ್ವರ ಬೆಟ್ಟಕ್ಕೆ ಹೋಗುವ ಬಸ್ಸುಗಳ ವೇಳಾಪಟ್ಟಿಯಾದರೂ ಸರಿ. ಊರಿಗೆ ಉಪಯೋಗಕ್ಕೆ ಬರುವ ಪುಟ ಮಾಡಬೇಕೆಂದರೆ ಅದು ಕನ್ನಡದಲ್ಲೇ ಇರಬೇಕು ತಾನೆ?

ಮೊದಲ ತೊಡಕು ಫೈಲ್ ಉಳಿಸುವಾಗಲೇ ಬರಬಹುದು. ಹಳೆಯ ವಿಂಡೋಸ್‌ನ ಸಾದಾ ನೋಟ್‌ಪ್ಯಾಡ್ ಎಎನ್‌ಎಸ್‌ಐ ವಿಧಾನದಲ್ಲಿ ಉಳಿಸುತ್ತಿತ್ತು. ಅದರಲ್ಲಿ ಕನ್ನಡ ಉಳಿಸಿದರೆ ಮರುದಿನ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಯಾವ ಎಡಿಟರ್ ಆದರೂ ಯುಟಿಎಫ್-8ರಲ್ಲಿ ಉಳಿಸುತ್ತಿದೆಯೇ ಎಂದು ಮೊದಲು ನೋಡಿಕೊಳ್ಳಿ. ವಿಎಸ್ ಕೋಡ್‌ನಲ್ಲಿ ಅದು ತಾನಾಗಿಯೇ ಇರುತ್ತದೆ.

ಎರಡನೆಯದು ಡಿಟಿಪಿ ಅಂಗಡಿಯಿಂದ ತಂದ ಪಠ್ಯ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಬರಹ ಯೂನಿಕೋಡ್ ಅಲ್ಲ. ಅದನ್ನು ಎಡಿಟರ್‌ಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಎಡಿಟರ್ ಕೆಟ್ಟಿದೆ ಎಂದು ಅನೇಕರು ತಿಳಿಯುತ್ತಾರೆ. ಕೆಟ್ಟಿಲ್ಲ. ಆ ಪಠ್ಯವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು, ಅದಕ್ಕೆ ಉಚಿತ ಪರಿವರ್ತಕಗಳಿವೆ.

ಮೂರನೆಯದು ಒತ್ತಕ್ಷರ. ‘ಕೊಳ್ಳೇಗಾಲ’ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಜಾವಾಸ್ಕ್ರಿಪ್ಟ್‌ನಲ್ಲಿ ಆ ಪದದ ಉದ್ದ ಕೇಳಿದರೆ 9 ಎನ್ನುತ್ತದೆ. ಏಕೆಂದರೆ ಒತ್ತು, ಗುಣಿತ, ವಿರಾಮ ಚಿಹ್ನೆ ಎಲ್ಲವೂ ಯೂನಿಕೋಡ್‌ನಲ್ಲಿ ಬೇರೆ ಬೇರೆ ಸಂಕೇತಗಳು. ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 27 ಬೈಟ್. ಕೋಡ್ ಎಡಿಟರ್‌ಗಳು ಎಲ್ಲ ಅಕ್ಷರವೂ ಒಂದೇ ಅಗಲ ಎಂಬ ಲೆಕ್ಕದಲ್ಲಿ ಹುಟ್ಟಿದವು. ನಮ್ಮ ‘ಳ್ಳೇ’ ಆ ಲೆಕ್ಕಕ್ಕೆ ಕೂರುವುದಿಲ್ಲ. ಹಾಗಾಗಿ ಕೆಲವು ಕಡೆ ಕರ್ಸರ್ ಅಕ್ಷರದ ನಡುವೆ ನಿಂತ ಹಾಗೆ ಕಾಣುತ್ತದೆ, ಬ್ಯಾಕ್‌ಸ್ಪೇಸ್ ಒತ್ತಿದರೆ ಅಕ್ಷರದ ಒಂದು ತುಂಡು ಮಾತ್ರ ಅಳಿಯುತ್ತದೆ. ಟರ್ಮಿನಲ್ ಒಳಗೆ ಓಡುವ ವಿಮ್‌ನಲ್ಲಿ ಕನ್ನಡ ಇನ್ನಷ್ಟು ಚದುರಿ ಕಾಣುವುದುಂಟು. ಎಡಿಟರ್‌ನ ಫಾಂಟ್ ಪಟ್ಟಿಯಲ್ಲಿ ಕೋಡ್ ಫಾಂಟ್‌ನ ನಂತರ ನೋಟೊ ಸಾನ್ಸ್ ಕನ್ನಡವನ್ನು ಸೇರಿಸಿದರೆ ಓದಲು ಎಷ್ಟೋ ಹಿತವಾಗುತ್ತದೆ.

ನಾಲ್ಕನೆಯದು ನನಗೆ ತುಂಬ ತಮಾಷೆ ಅನ್ನಿಸಿದ್ದು. ‘ಬಸ್‌ಗಳು’ ಎಂದು ಸರಿಯಾಗಿ ಬರೆಯಲು ಸ ಮತ್ತು ಗ ಕೂಡಿಕೊಳ್ಳದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇಡಬೇಕು. ಇಲ್ಲದಿದ್ದರೆ ಅದು ‘ಬಸ್ಗಳು’ ಆಗುತ್ತದೆ. ವಿಎಸ್ ಕೋಡ್ ಇಂಥ ಅದೃಶ್ಯ ಸಂಕೇತ ಕಂಡರೆ ಅನುಮಾನದಿಂದ ಅದರ ಸುತ್ತ ಚೌಕ ಹಾಕಿ ಎಚ್ಚರಿಸುತ್ತದೆ. ಕೋಡ್ ನಡುವೆ ಕಿಡಿಗೇಡಿಗಳು ಇಂಥ ಸಂಕೇತ ಬಚ್ಚಿಡಬಹುದು ಎಂಬ ಕಾರಣಕ್ಕೆ ತಂದ ವ್ಯವಸ್ಥೆ ಅದು. ಕನ್ನಡದಲ್ಲಿ ಅದು ತಪ್ಪಲ್ಲ, ಕಾಗುಣಿತದ ಭಾಗ. ಚೌಕ ನೋಡಿ ಹೆದರಿ ಅಳಿಸಬೇಡಿ. ಬೇಕಾದರೆ ಸೆಟ್ಟಿಂಗ್ಸ್‌ನಲ್ಲಿ ಆ ಎಚ್ಚರಿಕೆ ನಿಲ್ಲಿಸಬಹುದು.

ಇನ್ನೊಂದು ಸಣ್ಣ ಸಂಗತಿ. ವಿಎಸ್ ಕೋಡ್‌ನಲ್ಲಿ ಆಶ್ಚರ್ಯಸೂಚಕ ಚಿಹ್ನೆ ಒತ್ತಿ ಟ್ಯಾಬ್ ಒತ್ತಿದರೆ ಪುಟದ ಅಸ್ಥಿಪಂಜರ ಸಿದ್ಧವಾಗುತ್ತದೆ. ಅದರಲ್ಲಿ ಪುಟದ ಭಾಷೆ ಇಂಗ್ಲಿಷ್ ಎಂದೇ ಬರೆದಿರುತ್ತದೆ. ಕನ್ನಡ ಪುಟ ಮಾಡುವವರು ಅಲ್ಲಿ ಕನ್ನಡದ ಸಂಕೇತ ಹಾಕಬೇಕು. ಹಾಕದಿದ್ದರೆ, ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ತಂತ್ರಾಂಶ ನಮ್ಮ ಕನ್ನಡವನ್ನು ಇಂಗ್ಲಿಷ್ ಎಂದು ತಿಳಿದು ತಡವರಿಸಬಹುದು. ಎಡಿಟರ್ ಬರೆದುಕೊಟ್ಟಿತು ಎಂದು ಕಣ್ಣು ಮುಚ್ಚಿ ಒಪ್ಪಿಕೊಂಡರೆ ಇಂಥವು ನಮ್ಮ ಗಮನಕ್ಕೇ ಬರುವುದಿಲ್ಲ.

ಎಡಿಟರ್‌ಗಳಿಗೂ ಆಯುಷ್ಯವಿದೆ

‘ಎಲ್ಲರೂ ಬಳಸುವುದನ್ನೇ ಕಲಿತರೆ ಭದ್ರ’ ಎಂಬ ನಂಬಿಕೆಗೂ ಇತಿಹಾಸ ಉತ್ತರ ಕೊಟ್ಟಿದೆ. ಒಂದು ಕಾಲಕ್ಕೆ ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ವೆಬ್ ಡಿಸೈನ್ ಎಂದರೆ ಮೈಕ್ರೊಸಾಫ್ಟ್‌ನ ಫ್ರಂಟ್‌ಪೇಜ್. 2003ರ ಆವೃತ್ತಿಯೇ ಅದರ ಕೊನೆಯದು. ಅಡೋಬಿಯ ಬ್ರ್ಯಾಕೆಟ್ಸ್ ವೆಬ್‌ಗಾಗಿಯೇ ಹುಟ್ಟಿದ ಎಡಿಟರ್. 2021ರ ಸೆಪ್ಟೆಂಬರ್ 1ಕ್ಕೆ ಕಂಪನಿ ಅದರಿಂದ ಕೈ ತೊಳೆದುಕೊಂಡಿತು. ಗಿಟ್‌ಹಬ್‌ನವರ ಆ್ಯಟಮ್ ಕಥೆ ಇನ್ನೂ ವಿಚಿತ್ರ. ಆ ಎಲೆಕ್ಟ್ರಾನ್ ಚೌಕಟ್ಟು ಹುಟ್ಟಿದ್ದೇ ಆ್ಯಟಮ್‌ಗಾಗಿ. ಅದೇ ಚೌಕಟ್ಟಿನ ಮೇಲೆ 2015ರಲ್ಲಿ ವಿಎಸ್ ಕೋಡ್ ಬಂತು. 2018ರಲ್ಲಿ ಮೈಕ್ರೊಸಾಫ್ಟ್ ಗಿಟ್‌ಹಬ್ ಕಂಪನಿಯನ್ನೇ ಕೊಂಡಿತು. 2022ರ ಡಿಸೆಂಬರ್ 15ರಂದು ಆ್ಯಟಮ್ ಮುಚ್ಚಿತು.

ಆ್ಯಟಮ್ ಮುಚ್ಚಿದಾಗ ಅದರಲ್ಲಿ ಬರೆದ ಒಂದು ಸಾಲು ಕೋಡ್ ಕೂಡ ಹಾಳಾಗಲಿಲ್ಲ. ಫೈಲ್‌ಗಳು ಸಾದಾ ಪಠ್ಯವಾಗಿದ್ದವು, ಬೇರೆ ಎಡಿಟರ್‌ನಲ್ಲಿ ತೆರೆದುಕೊಂಡವು. ಎಚ್‌ಟಿಎಂಎಲ್ ಕಲಿತವರಿಗೆ ನಷ್ಟವಾಗಲಿಲ್ಲ. ಎಡಿಟರ್‌ನ ಗುಂಡಿಗಳನ್ನು ಮಾತ್ರ ಕಲಿತವರು ಮತ್ತೆ ಮೊದಲಿಂದ ಕಲಿಯಬೇಕಾಯಿತು. ಸ್ಟ್ಯಾಕ್ ಓವರ್‌ಫ್ಲೋ ತಾಣದ 2024ರ ಸಮೀಕ್ಷೆಯಲ್ಲಿ ಉತ್ತರಿಸಿದ ಡೆವಲಪರ್‌ಗಳಲ್ಲಿ ಶೇ 73.6ರಷ್ಟು ಮಂದಿ ವಿಎಸ್ ಕೋಡ್ ಬಳಸುವುದಾಗಿ ಹೇಳಿದ್ದಾರೆ. ದೊಡ್ಡ ಸಂಖ್ಯೆಯೇ. ಆದರೂ ನಾವು ಕೆಲಸಕ್ಕೆ ಸೇರಿ ಹತ್ತು ವರ್ಷ ಆಗುವ ಹೊತ್ತಿಗೆ ಅದು ಹೀಗೇ ಇರುತ್ತದೆ ಎಂದು ಯಾರೂ ಬರೆದುಕೊಡಲಾರರು.

ಎಐ ಸಹಾಯಕ ಈಗಲೇ ಬೇಕೆ?

ಈಗಿನ ಎಡಿಟರ್ ಚರ್ಚೆಯೆಲ್ಲ ಎಐ ಸುತ್ತ ತಿರುಗುತ್ತಿದೆ. ಗಿಟ್‌ಹಬ್ ಕೋಪೈಲಟ್ ಅನ್ನು ದೃಢೀಕೃತ ವಿದ್ಯಾರ್ಥಿಗಳಿಗೆ ಉಚಿತವಾಗಿ ಕೊಡುತ್ತಾ ಬಂದಿದ್ದಾರೆ. ಎರಡು ಅಕ್ಷರ ಒತ್ತುವಷ್ಟರಲ್ಲಿ ಹತ್ತು ಸಾಲು ಬರೆದಿಡುತ್ತದೆ. ಕೆಲಸ ಗೊತ್ತಿರುವವರಿಗೆ ಅದು ಸಮಯ ಉಳಿಸುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಕಲಿಯುವ ಮೊದಲ ವರ್ಷಕ್ಕೆ ಅದನ್ನು ಆಫ್ ಮಾಡಿಡಿ ಎಂದು ಮಾತ್ರ ಹೇಳುತ್ತೇನೆ.

ಕಾರಣ ತುಂಬ ಸರಳ. ಕೋಪೈಲಟ್‌ಗೆ ಇಂಟರ್ನೆಟ್ ಬೇಕು. ನಾನು ಕಂಡ ಒಂದು ಪ್ರಯೋಗಾಲಯದ ಪರೀಕ್ಷೆಯಲ್ಲಿ ನೆಟ್ ಹೋಯಿತು. ಕೊಟ್ಟಿದ್ದು ಒಂದು ನೋಂದಣಿ ಅರ್ಜಿಯ ಪುಟ. ಚೆನ್ನಾಗಿ ಓದುವ ಹುಡುಗರೇ ಫಾರ್ಮ್ ಟ್ಯಾಗ್ ಹೇಗೆ ಶುರು ಮಾಡುವುದು ಎಂದು ಪರದೆ ನೋಡುತ್ತಾ ಕೂತರು. ಎಡಿಟರ್ ಪ್ರತಿದಿನ ಹೇಳಿಕೊಡುತ್ತಿದ್ದರಿಂದ ಕೈಗೆ ಆ ಅಭ್ಯಾಸವೇ ಆಗಿರಲಿಲ್ಲ. ಕ್ಯಾಂಪಸ್ ಆಯ್ಕೆಯ ಆನ್‌ಲೈನ್ ಪರೀಕ್ಷೆಗಳಲ್ಲೂ ಸಾಮಾನ್ಯವಾಗಿ ಸಿಗುವುದು ಬ್ರೌಸರ್ ಒಳಗಿನ ಒಂದು ಖಾಲಿ ಕಿಟಕಿ. ಅಲ್ಲಿ ನಮ್ಮ ಎಕ್ಸ್‌ಟೆನ್ಷನ್ ಇರುವುದಿಲ್ಲ, ಥೀಮ್ ಇರುವುದಿಲ್ಲ. ಸಂದರ್ಶನದಲ್ಲಿ ಬಿಳಿ ಹಾಳೆ ಕೊಟ್ಟು ಬರೆಯಿರಿ ಎನ್ನುವವರೂ ಇದ್ದಾರೆ.

ನೆಟ್‌ವರ್ಕ್ ಇಲ್ಲದೆಯೂ ಕಲಿಯಲು ದಾರಿಗಳಿವೆ. ಡೆವ್‌ಡಾಕ್ಸ್ ಎಂಬ ತಾಣದಲ್ಲಿ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಆಧಾರ ಪುಟಗಳನ್ನು ಒಮ್ಮೆ ಇಳಿಸಿಟ್ಟುಕೊಂಡರೆ ಆಮೇಲೆ ನೆಟ್ ಇಲ್ಲದೆ ಓದಬಹುದು. ವಿಎಸ್ ಕೋಡ್‌ನ ಎಕ್ಸ್‌ಟೆನ್ಷನ್‌ಗಳನ್ನೂ ಫೈಲ್ ರೂಪದಲ್ಲಿ ಪೆನ್ ಡ್ರೈವ್‌ನಲ್ಲಿ ತಂದು ಹಾಕಿಕೊಳ್ಳಲು ಬರುತ್ತದೆ. ನೆಟ್ ಚೆನ್ನಾಗಿರುವ ಕಡೆ ಒಬ್ಬರು ಇಳಿಸಿದರೆ ಹತ್ತು ಜನರಿಗೆ ಆಗುತ್ತದೆ.

‘ಕಂಪನಿಯಲ್ಲಿ ವಿಎಸ್ ಕೋಡ್ ತಾನೆ?’

ನನ್ನ ಮಾತಿಗೆ ಸಹಪಾಠಿಗಳು ಎತ್ತುವ ಆಕ್ಷೇಪ ಇದು. ನಾಳೆ ಬೆಂಗಳೂರಿನ ಕಂಪನಿಗೆ ಸೇರಿದರೆ ಅಲ್ಲಿ ವಿಎಸ್ ಕೋಡ್ ಇರುತ್ತದೆ, ಈಗಲೇ ರೂಢಿ ಮಾಡಿಕೊಂಡರೆ ಒಳ್ಳೆಯದಲ್ಲವೇ ಎನ್ನುತ್ತಾರೆ. ಆಕ್ಷೇಪದಲ್ಲಿ ಸತ್ಯವಿದೆ. ಗುಂಪಾಗಿ ಕೆಲಸ ಮಾಡುವಾಗ ಎಲ್ಲರದೂ ಒಂದೇ ಎಡಿಟರ್ ಆದರೆ ಅನುಕೂಲ. ರಿಯಾಕ್ಟ್‌ನಂಥ ದೊಡ್ಡ ಲೈಬ್ರರಿಗಳಿಗೆ ಹೋದಾಗ ತಪ್ಪು ತೋರಿಸುವ, ಫೈಲ್‌ಗಳ ನಡುವೆ ನೆಗೆಯುವ ಸೌಲಭ್ಯ ಬೇಕೇ ಬೇಕು. ಅದರಲ್ಲಿ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಹಿಂದೆ ಬೀಳುತ್ತದೆ.

ಆದರೆ ಒಂದು ಎಡಿಟರ್‌ನಿಂದ ಇನ್ನೊಂದಕ್ಕೆ ಹೋಗಲು ಒಂದು ವಾರ ಸಾಕು. ಜಾವಾಸ್ಕ್ರಿಪ್ಟ್‌ನಲ್ಲಿ ಹಿಡಿತ ಬರಲು ಒಂದು ವರ್ಷ ಬೇಕು. ಯಾವುದನ್ನು ಮೊದಲು ಮಾಡಬೇಕು ಎಂಬುದಷ್ಟೇ ಪ್ರಶ್ನೆ. ಸಂದರ್ಶನಕ್ಕೆ ಹೋಗಿ ಬಂದ ಸೀನಿಯರ್‌ಗಳನ್ನು ಕೇಳಿದ್ದೇನೆ. ಈ ಡಬ್ಬಿಯನ್ನು ಪುಟದ ನಡುವೆ ನಿಲ್ಲಿಸುವುದು ಹೇಗೆ, ಈ ಪುಟ ಮೊಬೈಲ್‌ನಲ್ಲಿ ಯಾಕೆ ಒಡೆಯುತ್ತದೆ, ಗಿಟ್‌ನಲ್ಲಿ ಹಿಂದಿನ ಸ್ಥಿತಿಗೆ ಮರಳುವುದು ಹೇಗೆ ಎಂದು ಕೇಳಿದರಂತೆ. ಎಡಿಟರ್ ಹೆಸರು ಯಾರನ್ನೂ ಕೇಳಿಲ್ಲ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಎಡಿಟರ್ ಬದಲಿಸುವುದೇ ಕೆಲವರಿಗೆ ಹವ್ಯಾಸವಾಗಿದೆ. ಈ ವಾರ ಸಬ್ಲೈಮ್, ಮುಂದಿನ ವಾರ ಕರ್ಸರ್, ಅದರ ಮುಂದಿನ ವಾರ ಝೆಡ್. ಥೀಮ್ ಬದಲಿಸುತ್ತಾ ಸಂಜೆ ಕಳೆಯುತ್ತದೆ, ಪುಟ ಮಾತ್ರ ಮುಗಿಯುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೆಲ ನಿಜಕ್ಕೂ ಡೊಂಕಿದ್ದರೆ ಸರಿಪಡಿಸಿಕೊಳ್ಳೋಣ. ಸರಿಯಾದ ಮೇಲೆ ಕುಣಿಯೋಣ.

ಕಾಲೇಜು, ಪಂಚಾಯಿತಿ ಏನು ಮಾಡಬಹುದು?

ಇದನ್ನು ವಿದ್ಯಾರ್ಥಿಗಳ ಹೆಗಲಿಗೆ ಮಾತ್ರ ಹೊರಿಸುವುದು ನ್ಯಾಯವಲ್ಲ. ಪ್ರಯೋಗಾಲಯದ ಕಂಪ್ಯೂಟರ್‌ಗಳಲ್ಲಿ ಭಾರದ ಎಡಿಟರ್ ಜತೆಗೆ ಹಗುರವಾದ ಒಂದನ್ನೂ ಹಾಕಿಡುವುದು ಉಪನ್ಯಾಸಕರಿಗೆ ಹೆಚ್ಚು ಕೆಲಸವಲ್ಲ. ವೆಬ್ ಪ್ರಯೋಗಾಲಯದ ಮೊದಲ ತರಗತಿಯಲ್ಲಿ ‘ನಿಮ್ಮ ಮನೆಯ ಯಂತ್ರ ಯಾವುದು’ ಎಂದು ಕೇಳಿ ಅದಕ್ಕೆ ತಕ್ಕ ಎಡಿಟರ್ ಹೇಳಿದರೆ ಎಷ್ಟೋ ಮಂದಿ ನಡುವೆ ಬಿಟ್ಟುಹೋಗುವುದು ತಪ್ಪುತ್ತದೆ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಕಂಪ್ಯೂಟರ್ ಇರುವ ಕೇಂದ್ರಗಳಲ್ಲಿ ಒಂದು ಹಗುರ ಎಡಿಟರ್, ಒಂದು ಕನ್ನಡ ಯೂನಿಕೋಡ್ ಕೀ ವಿನ್ಯಾಸ, ಇಳಿಸಿಟ್ಟ ಎಚ್‌ಟಿಎಂಎಲ್ ಆಧಾರ ಪುಟಗಳು ಇಷ್ಟಿದ್ದರೆ ಪಿಯುಸಿ ಓದುವ ಹುಡುಗಿಯೂ ತನ್ನೂರಿನ ಪುಟ ಮಾಡಿಯಾಳು. ಖರ್ಚು ಒಂದು ರೂಪಾಯಿಯೂ ಇಲ್ಲ. ಒಂದು ಪೆನ್ ಡ್ರೈವ್ ಹಿಡಿದು ಹೋಗಿ ಗ್ರಂಥಪಾಲಕರನ್ನು ಕೇಳುವ ಕೆಲಸವನ್ನು ನಮ್ಮಂಥ ಬಿಇ ವಿದ್ಯಾರ್ಥಿಗಳೇ ರಜೆಯಲ್ಲಿ ಮಾಡಬಹುದು.

ಕೊನೆಗೆ, ನೀವೇ ಮಾಡಿ ನೋಡಬಹುದಾದ ಪರೀಕ್ಷೆ. ಈ ಭಾನುವಾರ ಲ್ಯಾಪ್‌ಟಾಪ್‌ನ ನೆಟ್ ಎರಡು ಗಂಟೆ ಆಫ್ ಮಾಡಿ. ಒಂದು ಕಡೆ ಎಡಿಟರ್, ಇನ್ನೊಂದು ಕಡೆ ಬ್ರೌಸರ್ ತೆರೆಯಿರಿ. ನಿಮ್ಮೂರಿನ ಬಗ್ಗೆ ಕನ್ನಡದಲ್ಲಿ ಒಂದು ಪುಟ ಬರೆಯಿರಿ; ಒಂದು ಶೀರ್ಷಿಕೆ, ಎರಡು ಪ್ಯಾರಾ, ಒಂದು ಚಿತ್ರ, ಒಂದು ಬಸ್ ವೇಳಾಪಟ್ಟಿ ಇರಲಿ. ಎರಡು ಗಂಟೆ ಯಂತ್ರ ನಿಲ್ಲದೆ ನಡೆಯಿತೇ? ಒತ್ತಕ್ಷರ ಸರಿ ಕಂಡಿತೇ? ಉಳಿಸಿದ ಫೈಲ್ ಮತ್ತೆ ತೆರೆದಾಗ ಕನ್ನಡ ಹಾಗೇ ಇತ್ತೇ? ಹೌದಾದರೆ ಅದೇ ನಿಮ್ಮ ಎಡಿಟರ್, ಅದರ ಹೆಸರು ಯಾವುದೇ ಇರಲಿ. ಇನ್ನು ಆರು ತಿಂಗಳು ಅದನ್ನು ಬದಲಿಸಬೇಡಿ. ಆ ಪುಟಕ್ಕೆ ಮುಂದಿನ ಭಾನುವಾರ ಇನ್ನೊಂದು ಪುಟ ಸೇರಿಸಿ.